ಗೋಡೆಗೆ ತೊಡಿಸಿದ ಒಡವೆ

"ಐದಕ್ಕೆ ಒಂದು," ಎಂದ ಅವನು.

ಸಭೆಯೆದುರು ಕೆನ್ನೆಗೆ ಹೊಡೆದಂತಾಯಿತು ಅವಳಿಗೆ!

ಗೋಡೆಯ ಮೇಲಿನ ಆ ದೊಡ್ಡ ನಕ್ಷೆ ಅವಳದು. ಕುರ್ಚಿ ಮೇಜು ಮಾಡುವ ಈ ಕಂಪನಿಯಲ್ಲಿ ಯಾವ ವಿಭಾಗಕ್ಕೆ ಯಾವ ಸಾಫ್ಟ್‌ವೇರ್, ಯಾವ ಮಾಹಿತಿ ಎಲ್ಲಿಂದ ಎಲ್ಲಿಗೆ ಎಂಬ ಇಡೀ ವ್ಯವಸ್ಥೆ; ದೊಡ್ಡವರ ಬಾಯಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಅದೆಷ್ಟು ಪಕ್ವವಾಗಿದೆಯೆಂದು ಐದು ಹಂತಗಳಲ್ಲಿ ಅಳೆದು ಅಂಕ ಕೊಡಲು ಹೊರಗಿನಿಂದ ಬಂದವನು ಅವನು. ನಕ್ಷೆಗಿಂತ ಅವಳನ್ನೇ ಹೆಚ್ಚು ನೋಡುತ್ತಾನೆಂಬುದು ಎಲ್ಲ ವಿಭಾಗಗಳೂ ಒಪ್ಪಿದ್ದ ಏಕೈಕ ಮಾಹಿತಿ.

"ಯಾಕ್ರೀ ಒಂದು?" ನಿರ್ದೇಶಕರು ಹುಬ್ಬೇರಿಸಿದರು.

"ನಕ್ಷೆ ಚೆನ್ನಾಗಿದೆ ಸಾರ್. ಆದ್ರೆ ಅದು ಗೋಡೆಗೆ ತೊಡಿಸಿದ ಒಡವೆ. ಅದನ್ನ ನೋಡಿ ಯಾರೂ ಕೆಲಸ ಮಾಡಲ್ಲ."

ಒಡವೆ... ಅದು ನನ್ನ ಮಾತು! ನಿನ್ನೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ, ಅವನನ್ನು ನಂಬಿ ಆಡಿದ ಮಾತು!

ಲೆಕ್ಕ ವಿಭಾಗದ ಅಕ್ಕ ಪಿಸುಗುಟ್ಟಿದಳು. "ನಿನ್ನ ಕೆಲ್ಸಕ್ಕೇ ಕುತ್ತು ತಂದ್ನಲ್ಲೇ! ಹಾವಿಗೆ ಹಾಲೆರೆದೆ."

"ಹಾಲಲ್ಲ ಅಕ್ಕಾ, ಕಾಫಿ," ಎಂದು ಎದ್ದು ಹೊರನಡೆದಳು.

ಮೆಟ್ಟಿಲ ಬಳಿ ಅವನು ಓಡಿಬಂದ.

"ಮುಖ ತೋರಿಸ್ಬೇಡಿ ನನಗೆ!"

"ಅಂಕ ನಿಮ್ಮ ಮಾತಿನಿಂದ ಬಂದಿದ್ದಲ್ಲ. ಒಂದು ಆರ್ಡರ್ ಅಂಗಡಿಯಿಂದ ಗೋಡೌನಿಗೆ ಹೇಗೆ ಹೋಗುತ್ತೆ ಅಂತ ಒಬ್ಬೊಬ್ಬ ಮುಖ್ಯಸ್ಥರ ಕೈಲೂ ಚಿತ್ರ ಬರೆಸಿದೆ. ಒಬ್ಬೊಬ್ಬರದು ಒಂದೊಂದು ದಾರಿ. ನಿರ್ದೇಶಕರ ಚಿತ್ರದಲ್ಲಿ ಗೋಡೌನೇ ಇರ್ಲಿಲ್ಲ!"

ನಗು ಬಂತು. ನುಂಗಿದಳು.

"ಮಾತು ಕದ್ದಿದ್ದು?"

"ಕದ್ದೆ. ತಪ್ಪು ನಂದೇ."

"ಅಂಕವನ್ನಾದ್ರೂ ಮೊದ್ಲೇ ಹೇಳ್ಬಹುದಿತ್ತು..."

"ಹೇಳಿದ್ರೆ ನಾವಿಬ್ರೂ ಸೇರಿ ಹಾಕಿದ್ದು ಅನ್ನೋರು. ನಿಮ್ಮ ಮೇಲೆ ನನಗೆ ಮನಸ್ಸಿರೋದು ಎಲ್ರಿಗೂ ಗೊತ್ತು. ನಿಮ್ಮೊಬ್ರನ್ನ ಬಿಟ್ಟು."

ಇಳಿಯಲು ಹೊರಟವಳು ತಿರುಗಿ ನಿಂತಳು.

ಬಾಗಿಲಲ್ಲಿ ನಿರ್ದೇಶಕರು ಕಾಣಿಸಿಕೊಂಡರು. "ಏನಮ್ಮಾ, ನಿನ್ನ ನಕ್ಷೆ ಯಾರೂ ನೋಡದ್ದಕ್ಕೇ ಈ ಒಂದು. ಇನ್ಮೇಲೆ ನಿನ್ನ ಒಪ್ಪಿಗೆ ಇಲ್ದೆ ಯಾರೂ ಹೊಸ ಸಾಫ್ಟ್‌ವೇರ್ ತರೋ ಹಾಗಿಲ್ಲ. ಮೊದ್ಲು ಆ ಗೋಡೌನ್ ಎಲ್ಲಿದೆ ತೋರ್ಸು!" ಎಂದು ಒಳಗೆ ಹೋದರು.

ವರ್ಷಗಳಿಂದ ಅವಳು ಬೇಡಿದ್ದ ಅಧಿಕಾರ ಒಂದು ಕೆಟ್ಟ ಅಂಕದಿಂದ ಸಿಕ್ಕಿತ್ತು. ಆದರೂ ಅವಳು ಅವನತ್ತ ತಿರುಗಿದಳು.

"ಇನ್ನೊಂದ್ಸಲ ನನ್ನ ಮಾತನ್ನ ನನ್ನ ಕೇಳದೆ ಬಳಸಿದ್ರೆ?"

"ಬಳಸಲ್ಲ. ಆಣೆಗೂ."

ಅವನನ್ನೇ ದಿಟ್ಟಿಸಿ, ಕೊನೆಗೆ ಅವಳೇ ಕೇಳಿದಳು.

"ಹಾಗಾದ್ರೆ ನಮ್ಮದು... ಎಷ್ಟನೇ ಹಂತ?"

"ಒಂದೇ. ಕ್ರಮ ಇಲ್ಲ, ನಿಯಮ ಇಲ್ಲ. ಒಬ್ಬರ ಧೈರ್ಯದ ಮೇಲೆ ನಡೀತಿದೆ."

"ಇಬ್ಬರದು," ಎಂದು ತಿದ್ದಿದಳು ಅವಳು.