ಕಾಣದ್ದನ್ನು ಕಂಡವಳು

"ನನ್ನ ಮಗನ್ನ ತಿಂದವಳು ತೊಳೆದ ತಟ್ಟೇಲಿ ನಾನು ಉಣ್ಣಲ್ಲ!"

ಅತ್ತೆ ಎಸೆದ ಸ್ಟೀಲ್ ತಟ್ಟೆ ಅಡುಗೆಮನೆಯ ಹೊಸ್ತಿಲಿಗೆ ಬಡಿದು, ಬುಗುರಿಯ ಹಾಗೆ ಗಿರಗಿರನೆ ಸುತ್ತಿ, ತಂಗಿಯ ಕಾಲ ಬಳಿ ಬಂದು ಬಿದ್ದುಕೊಂಡಿತು. ಭಾನುವಾರದ ಮಧ್ಯಾಹ್ನ. ಮೂವರು ಹೆಂಗಸರೂ ಚರ್ಚಿನಿಂದ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಅಲ್ಲಿ ಒಂದೇ ಬೆಂಚಿನಲ್ಲಿ ಸಾಲಾಗಿ ಕೂತು, ಕ್ಷಮೆಯ ಹಾಡನ್ನು ಒಂದೇ ಪುಸ್ತಕ ಹಿಡಿದು ಹಾಡಿ ಬಂದಿದ್ದರು!

ತಂಗಿ ಮುರಿದು ಕೂಡಿದ ಎಡಗಾಲನ್ನು ಕಷ್ಟಪಟ್ಟು ಮಡಚಿ, ಬಗ್ಗಿ ತಟ್ಟೆ ಎತ್ತಿಕೊಂಡಳು. ಎತ್ತಿಕೊಳ್ಳುವಾಗ ಒಮ್ಮೆ ಅಕ್ಕನ ಮುಖ ನೋಡಿದಳು. ನೀನಾದರೂ ಒಂದು ಮಾತು ಹೇಳಬಾರದೇ ಎನ್ನುವ ನೋಟ ಅದು... ಅಕ್ಕನಿಗೆ ಅದು ಅರ್ಥವಾಗದೇನಿರಲಿಲ್ಲ. ಆದರೂ ಅವಳು ನೀರಿನ ಲೋಟವನ್ನೇ ನೋಡುತ್ತಾ ಕೂತಳು. ಒಳಗೊಂದು ದನಿ ಮೆಲ್ಲಗೆ ಹೇಳುತ್ತಿತ್ತು: 'ಅನ್ನಲಿ ಬಿಡು. ನೀನು ಬಾಯಿಬಿಟ್ಟು ಹೇಳಲಾಗದ್ದನ್ನು ಅತ್ತೆ ಹೇಳುತ್ತಿದ್ದಾರೆ.'

ಅಕ್ಕನ ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅವನು ಕ್ಷೌರಿಕ. ಕತ್ತರಿಗಿಂತ ನಾಲಿಗೆ ಚುರುಕು. ತಲೆ ಕೊಟ್ಟು ಕೂತವರು ನಕ್ಕು ನಕ್ಕು ಅಲುಗಾಡಿ, ಕಿವಿ ಉಳಿದದ್ದೇ ಹೆಚ್ಚು ಅನ್ನುತ್ತಿದ್ದರು. ತಂಗಿ ಬಾಡಿಗೆ ಕಾರು ಓಡಿಸುತ್ತಿದ್ದಳು. ಆ ದಿನ ಅವನ ಸೈಕಲ್ ಪಂಕ್ಚರ್ ಆಗಿತ್ತು. "ಬನ್ನಿ ಭಾವ, ಅಂಗಡಿಗೆ ನಾನೇ ಬಿಡ್ತೀನಿ" ಎಂದು ತಂಗಿಯೇ ಕೂರಿಸಿಕೊಂಡು ಹೊರಟಿದ್ದಳು. ಎದುರಿನಿಂದ ಬಂದ ಲಾರಿ ಕಾರಿಗೆ ಬಡಿಯಿತು. ಅವನು ಅಲ್ಲೇ ಹೋದ. ಅವಳು ಉಳಿದಳು. ಲಾರಿಯ ಬ್ರೇಕ್ ಕೆಟ್ಟಿತ್ತು, ಕಾರಿನವಳ ತಪ್ಪೇನಿಲ್ಲ ಎಂದು ಪೊಲೀಸರು ಬರೆದು ಮುಗಿಸಿದರು. ಆಸ್ಪತ್ರೆಯಿಂದ ಬಿಟ್ಟಾಗ ಹೋಗಲು ಬೇರೆ ಜಾಗವಿಲ್ಲದೆ ತಂಗಿ ಅಕ್ಕನ ಮನೆಗೇ ಬಂದಳು. ತಬ್ಬಲಿಗಳಾಗಿ ಬೆಳೆದ ಅಕ್ಕತಂಗಿಯರು; ಇನ್ನೆಲ್ಲಿಗೆ ಹೋಗಬೇಕು?

ಅಕ್ಕ ದುಡಿಯುತ್ತಿದ್ದದ್ದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಒಗೆದ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಅಂಚು ಹಿಡಿದು ಕೊಡುವುದು ಅವಳ ಕೆಲಸ. ಹಬೆಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಕೈಗೆ ಕೆಲಸ, ಬಾಯಿಗೆ ಬೀಗ; ಮನಸ್ಸು ಮಾತ್ರ ಹಗ್ಗ ಬಿಚ್ಚಿದ ಕರು. ಬೆಳಗಿನಿಂದ ಸಂಜೆಯವರೆಗೆ ಅದು ಒಂದೇ ರಸ್ತೆಗೆ ಓಡುತ್ತಿತ್ತು. ಅಲ್ಲಿ ತಂಗಿ ಒಂದು ಕೈಯಲ್ಲಿ ಫೋನ್ ಹಿಡಿದಿದ್ದಾಳೆ... ಭಾವನ ಕಡೆ ತಿರುಗಿ ಹಲ್ಲು ಬಿಟ್ಟು ನಗುತ್ತಿದ್ದಾಳೆ... ರಸ್ತೆಯ ಮೇಲೆ ಕಣ್ಣಿಲ್ಲ... ಲಾರಿ ಬಂತು! ಮತ್ತೆ ಮೊದಲಿನಿಂದ. ಪ್ರತಿ ಸಲವೂ ಚಿತ್ರಕ್ಕೆ ಹೊಸದೊಂದು ಬಣ್ಣ ಸೇರುತ್ತಿತ್ತು. ಅವಳು ಆ ಅಪಘಾತವನ್ನು ಕಂಡಿರಲಿಲ್ಲ. ಆದರೆ ಸಾವಿರ ಸಲ ನೋಡಿದ್ದಳು. ಕೊನೆಗೆ, ಕಂಡದ್ದು ಯಾವುದು ಕಟ್ಟಿಕೊಂಡದ್ದು ಯಾವುದು ಎಂಬುದೇ ಅವಳಿಗೆ ತಿಳಿಯದಾಯಿತು.

ತಟ್ಟೆ ಎಸೆದ ಮೂರನೆಯ ದಿನ ಬೆಳಿಗ್ಗೆ, ಮಹಡಿಯ ಮೆಟ್ಟಿಲುಗಳನ್ನು ಸೋಪಿನ ನೀರು ಹಾಕಿ ಉಜ್ಜಿದ್ದಳು ಅಕ್ಕ. ಕೆಳಗಿನ ನಾಲ್ಕು ಮೆಟ್ಟಿಲಿಗೆ ಇನ್ನೂ ಒಳ್ಳೆಯ ನೀರು ಹಾಕಿರಲಿಲ್ಲ. ಬಕೆಟ್ ಹಿಡಿದು ಕೆಳಗೆ ನಿಂತಿದ್ದಾಗ ಮೇಲಿನಿಂದ ತಂಗಿ ಇಳಿದು ಬರುವ ಸದ್ದು ಕೇಳಿಸಿತು. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. 'ಜಾರುತ್ತೆ, ನಿಲ್ಲು' ಎನ್ನಬೇಕು. ನಾಲಿಗೆಯ ತುದಿಗೆ ಬಂದಿತ್ತು ಮಾತು. ಆಗ ಇನ್ನೊಂದು ಯೋಚನೆ ತಣ್ಣಗೆ ಬಂದು ಅಡ್ಡ ನಿಂತಿತು: 'ಹೇಳದೇ ಇದ್ದರೆ?'

ಅವಳು ಹೇಳಲಿಲ್ಲ!

ತಂಗಿಯ ಕಾಲು ಸರ್ರನೆ ಜಾರಿತು. ಕಂಬಿಗೆ ಜೋತುಬಿದ್ದು ಹೇಗೋ ತಡೆದುಕೊಂಡಳು. "ಅಬ್ಬಾ... ನಾನೇ ನೋಡ್ಲಿಲ್ಲ ಅಕ್ಕ" ಎಂದು ತಪ್ಪು ತನ್ನದೇ ಎಂಬಂತೆ ನಕ್ಕು, ಕುಂಟುತ್ತಾ ದಿನಸಿ ಅಂಗಡಿಯ ಕಡೆ ಹೋದಳು. ಅಕ್ಕ ಬಕೆಟ್ ಕೆಳಗಿಟ್ಟಳು. ಅವಳು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತಳು. ದೇವರೇ, ನಾನು ಯಾರಾಗಿಬಿಟ್ಟೆ? ಅಪ್ಪ ಅಮ್ಮ ಹೋದ ಮೇಲೆ ಇದೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು...

ಆ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ನೇರವಾಗಿ ಸೂಜಿಯಮ್ಮನ ಮನೆಗೆ ಹೋದಳು.

ಸೂಜಿಯಮ್ಮ ನಿವೃತ್ತ ನರ್ಸ್, ಸಭೆಯ ಹಿರಿಯಳು. ಚರ್ಚಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಚಿಕ್ಕವರಿದ್ದಾಗ ಅವರಿಂದ ಸೂಜಿ ಚುಚ್ಚಿಸಿಕೊಂಡವರೇ. ಹೆಸರು ಹಾಗೇ ಉಳಿದುಹೋಗಿತ್ತು. ಅಕ್ಕ ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು. ಮೆಟ್ಟಿಲಿನ ಮಾತನ್ನೂ ಮುಚ್ಚಿಡಲಿಲ್ಲ. ಮುದುಕಿ ಗದರಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ.

"ಫೋನ್ ಹಿಡ್ಕೊಂಡಿದ್ದಳು ಅಂದೆಯಲ್ಲ, ಯಾರು ಹೇಳಿದ್ರು?"

"ಯಾರೂ... ಹೇಳಿಲ್ಲಮ್ಮ."

"ನೀನು ನೋಡಿದ್ಯಾ?"

"ಇಲ್ಲ."

"ಅವಳನ್ನ ಕೇಳಿದ್ಯಾ?"

ಅಕ್ಕ ತಲೆ ತಗ್ಗಿಸಿದಳು. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನೋಡಮ್ಮ, ಕೆಟ್ಟ ಯೋಚನೆ ಬಂತು ಅಂತ ನೀನು ಕೆಟ್ಟವಳಲ್ಲ. ಜ್ವರ ಯಾರಿಗೆ ಬರಲ್ಲ ಹೇಳು? ಆದ್ರೆ ಜ್ವರಾನ ಕರೆದು, ಹಾಸಿಗೆ ಹಾಸಿ, ಹೊತ್ತು ಹೊತ್ತಿಗೆ ಉಣ್ಣಿಸಿ ಸಾಕ್ತಾರೇನು? ನೀನು ಸಾಕಿದೀಯ! ಇನ್ಮೇಲೆ ಅದು ಬಂದ ಕೂಡ್ಲೇ ರಟ್ಟೆ ಹಿಡಿದು ಎಳ್ಕೊಂಡು ಹೋಗಿ ಕರ್ತನ ಮುಂದೆ ನಿಲ್ಲಿಸು. ಆತನ ಎದುರಿಗೇ ಕೇಳು: ನೀನು ನಿಜಾನಾ? ನಿನ್ನಲ್ಲಿ ಪ್ರೀತಿ ಇದೆಯಾ? ಅಲ್ಲಿ ನಿಲ್ಲೋಕೆ ಅದಕ್ಕೆ ಧೈರ್ಯ ಇದ್ರೆ ಇರಲಿ. ಇಲ್ಲದಿದ್ರೆ ಆಚೆ ಅಟ್ಟು. ಅಟ್ಟಿ ಜಾಗ ಖಾಲಿ ಬಿಟ್ಟೀಯ ಮತ್ತೆ, ಖಾಲಿ ಮನೆಗೆ ಕಳ್ಳರು ಬೇಗ ಬರ್ತಾರೆ. ನಿನ್ನ ತಂಗಿ ಬಗ್ಗೆ ನಿಜವಾಗ್ಲೂ ನಿನಗೆ ಗೊತ್ತಿರೋ ಒಂದು ಒಳ್ಳೇದನ್ನ ಅಲ್ಲಿ ಕೂರಿಸು."

ಕೇಳಲು ಸುಲಭವಾಗಿತ್ತು. ಮಾರನೆಯ ದಿನ ಉರುಳೆಯ ಮುಂದೆ ನಿಂತಾಗ ಗೊತ್ತಾಯಿತು ಅದರ ಕಷ್ಟ. ಹತ್ತು ಹಾಸಿಗೆ ಬಟ್ಟೆ ಒಳಗೆ ಹೋಗುವಷ್ಟರಲ್ಲಿ ಇಪ್ಪತ್ತು ಸಲ ಆ ಚಿತ್ರ ಬಂತು. ಎಳೆದಳು, ನಿಲ್ಲಿಸಿದಳು, ಕೇಳಿದಳು, ಅಟ್ಟಿದಳು. ಬೆನ್ನು ತಿರುಗಿಸುವುದರೊಳಗೆ ಮತ್ತೆ ಬಂತು. ಸಂಜೆ ಸೂಜಿಯಮ್ಮನ ಬಳಿ ಹೋಗಿ, "ಅಮ್ಮಾ, ನನಗೆ ಇದಾಗಲ್ಲ. ಕರ್ತನಿಗೂ ಬೇಜಾರು ಬಂದಿರುತ್ತೆ, ಇವಳೇನು ಬೆಳಗ್ಗಿಂದ ಕೈದಿಗಳನ್ನ ತರ್ತಾನೇ ಇದಾಳೆ ಅಂತ" ಎಂದಳು. ಮುದುಕಿ ಹೊಟ್ಟೆ ಹಿಡಿದು ನಕ್ಕಳು. "ತರ್ತಾ ಇರು. ಆತನಿಗೆ ಬೇರೆ ಕೆಲಸ ಇದ್ರೂ ನಿನ್ನ ಕೆಲಸ ಬಿಡಲ್ಲ."

ವಾರಗಳು ಉರುಳಿದವು. ಚಿತ್ರ ಬರುವುದು ನಿಲ್ಲಲಿಲ್ಲ, ಆದರೆ ಬಂದದ್ದು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಅದರ ಜಾಗದಲ್ಲಿ ಕೂರಿಸಲು ಅಕ್ಕ ಹುಡುಕಿ ಹುಡುಕಿ ತಂದಳು: ತನಗೆ ಟೈಫಾಯ್ಡ್ ಬಂದಾಗ ಒಂಬತ್ತು ವರ್ಷದ ತಂಗಿ ಒಲೆ ಹಚ್ಚಿ ಗಂಜಿ ಕಾಯಿಸಿ ಕೈ ಸುಟ್ಟುಕೊಂಡದ್ದು... ಬಾಡಿಗೆ ಎಷ್ಟೇ ಬರಲಿ, ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ದಿನ ಕಾರನ್ನು ಬೇರೆಯವರಿಗೆ ಕೊಡದೇ ಇದ್ದದ್ದು... ಎಲ್ಲವೂ ನಿಜ, ಎಲ್ಲವೂ ಅವಳು ಕಣ್ಣಾರೆ ಕಂಡದ್ದು.

ಹೀಗಿರುವಾಗ ಒಂದು ಸಂಜೆ ಬಾಗಿಲು ತಟ್ಟಿದವರು ಪಕ್ಕದ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ. ಶಾಲೆಯ ವ್ಯಾನ್ ಓಡಿಸುವ ಕೆಲಸಕ್ಕೆ ತಂಗಿ ಅರ್ಜಿ ಹಾಕಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವಳ ಮುಖ ಬಿಳಿಚಿಕೊಂಡಿತು.

"ತಪ್ಪು ತಿಳ್ಕೋಬೇಡಿ," ಎಂದರು ಮೇಡಂ. "ಇವರ ಕಾಗದ ಪತ್ರ ಎಲ್ಲಾ ಸರಿಯಾಗಿದೆ. ಆದ್ರೆ ಆ ಅಪಘಾತದ ಸುದ್ದಿ ಕೇಳಿದೆ. ಮಕ್ಕಳ ವಿಷಯ ನೋಡಿ... ಮನೆಯವರನ್ನ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ."

"ಚೆನ್ನಾಗೇ ಕೇಳಿದ್ರಿ!" ಎಂದು ಎದ್ದು ಬಂದರು ಅತ್ತೆ. "ಇವಳ ಕೈಗೆ ಮಕ್ಕಳನ್ನ ಕೊಡ್ತೀರಾ? ನನ್ನ ಮಗ ಬೆಟ್ಟದಂಥಾ ಮಗ! ಮಾತಾಡ್ತಾ ಮಾತಾಡ್ತಾ ಕೊಂದು ಹಾಕಿದ್ಳು! ಬೇಕಾದ್ರೆ ಇವಳ ಸ್ವಂತ ಅಕ್ಕನ್ನೇ ಕೇಳಿ. ಹೇಳೇ, ಹೇಳು! ಗಂಡನ್ನ ಕಳ್ಕೊಂಡವಳು ನೀನು!"

ಎಲ್ಲರ ಕಣ್ಣೂ ಅಕ್ಕನ ಮೇಲೆ. ಇಷ್ಟು ತಿಂಗಳಿಂದ ಕಟ್ಟಿ ಬೆಳೆಸಿದ ಆ ಚಿತ್ರ ಸಕಲ ಬಣ್ಣಗಳೊಂದಿಗೆ ಎದ್ದು ನಿಂತಿತು. ಒಂದು ಮಾತು ಸಾಕು. ಮಾತೂ ಬೇಡ, ಸುಮ್ಮನಿದ್ದರೂ ಸಾಕು... ಮೆಟ್ಟಿಲ ಬಳಿ ಸುಮ್ಮನಿದ್ದ ಹಾಗೆ! ಅಕ್ಕ ಕಣ್ಣು ಮುಚ್ಚಿದಳು. ಕರ್ತನೇ, ಇದನ್ನೂ ತಂದಿದ್ದೇನೆ, ನೋಡು. ಇದು ನಿಜವೇ? ಗೊತ್ತಿಲ್ಲ. ಪ್ರೀತಿಯೇ? ಅಲ್ಲ.

"ಮೇಡಂ, ಆವತ್ತು ನಾನು ಅಲ್ಲಿ ಇರ್ಲಿಲ್ಲ. ನಮ್ಮತ್ತೆನೂ ಇರ್ಲಿಲ್ಲ. ಇವಳದ್ದು ತಪ್ಪಿಲ್ಲ ಅಂತ ವಿಚಾರಣೆ ಮಾಡಿದವರು ಬರೆದಿದ್ದಾರೆ. ಆದ್ರೂ ನಾನು ಇಷ್ಟು ದಿನ, ಕಾಣದ್ದನ್ನೆಲ್ಲ ಕಂಡ ಹಾಗೆ ಮನಸ್ಸಲ್ಲೇ ಇವಳನ್ನ ಅಪರಾಧಿ ಮಾಡಿ ಕೂರಿಸಿದ್ದೆ. ಅದು ನನ್ನ ತಪ್ಪು. ನಾನು ಕಂಡಿದ್ದು ಕೇಳಿದ್ರೆ ಹೇಳ್ತೀನಿ. ಹನ್ನೆರಡು ವರ್ಷ ಇವಳು ಗಾಡಿ ಓಡಿಸಿದಾಳೆ. ಒಂದು ನಾಯಿಗೂ ನೋವು ಮಾಡಿದವಳಲ್ಲ. ನನಗೆ ಮಕ್ಕಳಿದ್ದಿದ್ರೆ ಇವಳ ಗಾಡೀಲೇ ಕಳಿಸ್ತಿದ್ದೆ."

ತಂಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತಳು. ಮೇಡಂ ಮೂವರನ್ನೂ ನೋಡಿ, "ಸೋಮವಾರ ಏಳು ಗಂಟೆಗೆ ಬಂದುಬಿಡಿ" ಎಂದು ತಂಗಿಗೆ ಹೇಳಿ ಹೊರಟರು.

ಅವರು ಬೀದಿ ದಾಟಿದರೋ ಇಲ್ಲವೋ, ಅತ್ತೆಯ ಎದೆ ಒಡೆಯಿತು. "ಗಂಡನ್ನ ಇಷ್ಟು ಬೇಗ ಮರೆತೆಯೇನೇ? ಅವನ ಪರ ಮಾತಾಡೋಕೆ ನಾನೊಬ್ಬಳೇನಾ ಈ ಮನೇಲಿ?" ಎಂದು ಎದೆ ಬಡಿದುಕೊಂಡು ಅತ್ತರು. ಅಕ್ಕ ತಂಗಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಅವಳ ಕೈ ಹಿಡಿದಳು. ಎಷ್ಟು ತಿಂಗಳಾಗಿತ್ತು ಆ ಕೈ ಮುಟ್ಟಿ!

"ನಾನು ಕೇಳಬೇಕಿತ್ತು. ಕೇಳಲೇ ಇಲ್ಲ. ಈಗ ಕೇಳ್ತಿದೀನಿ. ಆವತ್ತು ಏನಾಯ್ತು?"

"ನಾನು... ನಗ್ತಾ ಇದ್ದೆ ಅಕ್ಕ."

ಅಕ್ಕನ ಎದೆಗೆ ಚೂರಿ ಹಾಕಿದಂತಾಯಿತು. ಆದರೂ ಅವಳು ಹಿಡಿದ ಕೈಯನ್ನು ಬಿಡಲಿಲ್ಲ.

"ಸಿಗ್ನಲ್ಲಿಗೆ ನಿಂತಿದ್ವಿ. ಕೆಂಪು ಲೈಟು ಇತ್ತು. ಭಾವ ನಗಿಸ್ತಾ ಇದ್ರು. ಬೆಳಗ್ಗೆ ಅಡುಗೆಗೆ ಅತ್ತೆ ಒಮ್ಮೆ ಉಪ್ಪು ಹಾಕಿದ್ರಂತೆ, ಅವರಿಗೆ ಗೊತ್ತಿಲ್ದೆ ನೀನೊಮ್ಮೆ ಹಾಕಿದ್ಯಂತೆ. 'ಒಬ್ಬಳು ಹೆತ್ತವಳು, ಒಬ್ಬಳು ಕಟ್ಟಿಕೊಂಡವಳು. ಯಾರಿಗೆ ಅಂತ ಉಪ್ಪು ಜಾಸ್ತಿ ಅನ್ನಲಿ ಹೇಳು! ಇಬ್ಬರ ಮುಂದೇನೂ ಚೆನ್ನಾಗಿದೆ ಅಂದು ನಾಲ್ಕು ಲೋಟ ನೀರು ಕುಡಿದು ಬಂದೆ. ಹೊಟ್ಟೆ ಈಗ ಸಮುದ್ರ ಕಣೇ' ಅಂದ್ರು. ನಾನು ನಗೋಕೆ ಶುರು ಮಾಡ್ದೆ. ಅವರೂ ನಗ್ತಿದ್ರು... ಆಗ ಲಾರಿ ಬಂತು. ನಿಂತ ಗಾಡಿ ಅಕ್ಕ, ಎಲ್ಲಿಗೆ ತಿರುಗಿಸ್ಲಿ? ನಾನು ನಗದೇ ಇದ್ದಿದ್ರೆ ಮುಂಚೇನೇ ಕಾಣಿಸ್ತಿತ್ತೇನೋ... ಅದಕ್ಕೇ ಅತ್ತೆ ಏನಂದ್ರೂ ಸುಮ್ನಿದ್ದೆ."

ಕೋಣೆಯಲ್ಲಿ ಅಳುವಿನ ಸದ್ದು ನಿಂತಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಇನ್ನೂ ಸ್ವಲ್ಪ ಹಾಕು ಅಂದಿದ್ದ," ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಅಷ್ಟು ಉಪ್ಪಿದ್ರೂನೂ... ಅಮ್ಮ, ಇನ್ನೂ ಸ್ವಲ್ಪ ಹಾಕು ಅಂತ ಕೇಳಿ ಹಾಕಿಸ್ಕೊಂಡ... ನನ್ನ ಮಗ ಸಾಯೋವಾಗ ನಗ್ತಾ ಇದ್ನಾ? ನಿಜ ಹೇಳು, ನೋವಲ್ಲಿ ಕೂಗಲಿಲ್ವಾ?"

"ಕೂಗ್ಲಿಲ್ಲ ಅತ್ತೆ. ನಗುವಾಗ್ಲೇ..."

ಅತ್ತೆ ಗೋಡೆಗೆ ಒರಗಿ ನೆಲಕ್ಕಿಳಿದರು. ಇಷ್ಟು ತಿಂಗಳು ದಿನವೂ ಮಗನ ಕೂಗನ್ನೇ ಕೇಳಿದ್ದ ತಾಯಿ ಅದು! ಅವರೂ ಕಾಣದ್ದನ್ನು ಕಂಡು, ಕೇಳದ್ದನ್ನು ಕೇಳಿ ಸುಟ್ಟುಹೋಗಿದ್ದರು. ಅಕ್ಕ ಸರಿದು ಅವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಮೂವರೂ ಅತ್ತರು. ಈ ಸಲ ಒಟ್ಟಿಗೇ ಅತ್ತರು.

ಮರುದಿನದಿಂದ ಅತ್ತೆ ಹಾಲಿನಂತಾದರು ಎಂದರೆ ಸುಳ್ಳಾದೀತು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ತಂಗಿ ಹೊರಟಾಗ ಮಾತ್ರ ಬಾಗಿಲಿಗೆ ಬಂದು, ಬೀದಿಯ ಕಡೆ ಮುಖ ಮಾಡಿಕೊಂಡು, "ಹೊಟ್ಟೆ ಖಾಲಿ ಇಟ್ಕೊಂಡು ಗಾಡಿ ಓಡಿಸ್ಬೇಡ. ತಿಂದು ಹೋಗು" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು. ತಂಗಿ ವಾಪಸು ಬಂದು, ಹಸಿವಿಲ್ಲದಿದ್ದರೂ ಕೂತು ತಿಂದಳು.

ಅಕ್ಕ ಕೆಲಸ ಮಾಡುವ ಆಸ್ಪತ್ರೆಯೂ ವ್ಯಾನ್ ಹೋಗುವ ದಾರಿಯಲ್ಲೇ ಇತ್ತು. ಶಾಲೆಯ ಅಂಗಳದಿಂದ ಖಾಲಿ ವ್ಯಾನ್ ಹೊರಟಾಗ ಅಕ್ಕ ಮುಂದಿನ ಸೀಟಿನಲ್ಲಿ, ತಂಗಿಯ ಪಕ್ಕದಲ್ಲಿ ಹತ್ತಿ ಕೂತಳು. ಎರಡನೆಯ ತಿರುವಿನಲ್ಲಿ ಎದುರಿನಿಂದ ಒಂದು ಲಾರಿ ಬಂತು. ಅಕ್ಕನ ಕಣ್ಣ ಮುಂದೆ ಮತ್ತದೇ ಚಿತ್ರ! ಅವಳು ಎಂದಿನಂತೆ ಅದರ ರಟ್ಟೆ ಹಿಡಿದಳು. ಲಾರಿ ತನ್ನ ಪಾಡಿಗೆ ಹೋಯಿತು. ಆದರೆ ವ್ಯಾನ್ ನಿಧಾನವಾಗಿ ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. ಅಕ್ಕ ತಿರುಗಿ ನೋಡಿದಳು. ಸ್ಟೇರಿಂಗ್ ಮೇಲಿದ್ದ ತಂಗಿಯ ಎರಡೂ ಕೈಗಳು ಗಡಗಡ ನಡುಗುತ್ತಿದ್ದವು.

"ನಿಂಗೂ ಬರುತ್ತಾ?" ಎಂದಳು ಅಕ್ಕ.

"ದಿನಾ... ಎಷ್ಟು ಸಲ ಅಂತ ಹೇಳ್ಲಿ ಅಕ್ಕ. ಇದು ನನ್ನಿಂದಾಗಲ್ಲ ಅನ್ಸುತ್ತೆ."

"ಹೌದು, ನಿನ್ನೊಬ್ಬಳಿಂದ ಆಗಲ್ಲ. ನನ್ನೊಬ್ಬಳಿಂದಲೂ ಆಗಿರ್ಲಿಲ್ಲ." ಅಕ್ಕ ಆ ನಡುಗುವ ಕೈಗಳ ಮೇಲೆ ತನ್ನ ಕೈ ಇಟ್ಟಳು. "ಕಣ್ಣು ಮುಚ್ಕೋ. ಅದನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ತೋರಿಸ್ತೀನಿ ಬಾ."

ಇಬ್ಬರೂ ತಲೆ ಬಾಗಿಸಿದರು. ಹಿಂದಿನಿಂದ ಬಂದ ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು, ಏನೋ ಗೊಣಗಿ ಮುಂದೆ ಹೋದ. ಸ್ವಲ್ಪ ಹೊತ್ತಿಗೆ ತಂಗಿಯ ಉಸಿರು ಹದಕ್ಕೆ ಬಂತು. ಅವಳು ಕಣ್ಣೊರೆಸಿಕೊಂಡು, ಕನ್ನಡಿ ನೋಡಿ, ಗೇರ್ ಹಾಕಿದಳು. ಮುಂದಿನ ಮೂಲೆಯಲ್ಲಿ ಚೀಲ ಹೊತ್ತ ಇಬ್ಬರು ಪುಟ್ಟ ಮಕ್ಕಳು ತಾಯಿಯ ಕೈ ಹಿಡಿದು ಕಾಯುತ್ತಿದ್ದರು.