ಫೋರ್ಕಿನೊಳಗಿನ ಗಂಟು

"ಬೈಕು ಪೂರ್ತಿ ಬಿಚ್ಚು, ಬೇಡ ಅನ್ನಲ್ಲ. ಆ ಮುಂದಿನ ಫೋರ್ಕ್ ಮಾತ್ರ ಮುಟ್ಟಬೇಡ," ಎಂದಿದ್ದರು ಅತ್ತೆ.

ಮದುವೆಯಾಗಿ ಮೂರು ತಿಂಗಳೂ ತುಂಬದ ಸೊಸೆ, ಗ್ಯಾರೇಜಿನವರ ಮಗಳು, ಊಟದ ಮೇಜಿನಲ್ಲಿ ಎಲ್ಲರೆದುರೇ ನಕ್ಕುಬಿಟ್ಟಳು. "ಯಾಕತ್ತೆ, ಒಳಗೆ ದೆವ್ವ ಬಾಡಿಗೆಗಿದೆಯಾ?" ಗಂಡ ಬಿದ್ದು ಬಿದ್ದು ನಕ್ಕ. ಗಾಲಿಕುರ್ಚಿಯಲ್ಲಿದ್ದ ಮಾವನೂ ನಕ್ಕರು. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾವನ ಮಂಡಿಗಳು ಕಚ್ಚಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಮೂಳೆಯಲ್ಲಿ ದೋಷವಿಲ್ಲ, ನರದಲ್ಲೂ ಇಲ್ಲ ಎಂದು ಡಾಕ್ಟರುಗಳು ಕೈಚೆಲ್ಲಿದ್ದರು. ಅಂದಿನಿಂದ ಅವರ ಬೈಕು ಹಿಂದಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿತ್ತು. ಅದರ ಸದ್ದನ್ನು ಅವರಿಗೆ ಮತ್ತೊಮ್ಮೆ ಕೇಳಿಸಬೇಕೆಂಬುದು ಸೊಸೆಯ ಆಸೆ.

ಮುಂದಿನ ಚಕ್ರ ಹಿಡಿದಿಡುವ ಫೋರ್ಕಿನ ಒಳಕೊಳವೆ ಹೊರಕೊಳವೆಗೆ ಕಚ್ಚಿ ಕೂತಿತ್ತು. ವಾರವಿಡೀ ಎಣ್ಣೆ ಕುಡಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಆ ಮಧ್ಯಾಹ್ನ ಅವಳು ಕುಕ್ಕರಗಾಲಿನಲ್ಲಿ ಕೂತು, ಹೊರಕೊಳವೆಯನ್ನು ನೆಲಕ್ಕೆ ಕೂರಿಸಿದ್ದ ವೈಸಿನ ಕಬ್ಬಿಣದ ದವಡೆಗೆ ಬಿಗಿದು, ಅದಕ್ಕೆ ಬೆಂಕಿ ಹಿಡಿದಳು. ಮೊದಲು ಹಳಸಿದ ಎಣ್ಣೆಯ ವಾಸನೆ. ಆಮೇಲೆ ಸುಟ್ಟ ಕೂದಲಿನದು. ಹಲ್ಲು ಕಚ್ಚಿ ಎಳೆದಳು. ನಿಟ್ಟುಸಿರಿನಂಥ ಸದ್ದು ಮಾಡುತ್ತ ಕೊಳವೆ ಕಳಚಿತು. ಕಪ್ಪು ಕೆಸರಿನ ಜೊತೆ ಒಂದು ಗಂಟು ಜಾರಿಬಿತ್ತು. ಉದ್ದ ಕೂದಲು, ಸೂಜಿಗಳು, ಗಂಡಸಿನ ಕಾಲುಚೀಲದ ಚೂರು.

ಮನೆಯೊಳಗೆ ಗಾಲಿಕುರ್ಚಿ ಮಗುಚಿದ ಸದ್ದಾಯಿತು. ಬೆನ್ನಿಗೇ ಹೆಜ್ಜೆ. ಇನ್ನೊಂದು ಹೆಜ್ಜೆ.

ಏಳಲು ಹೋದಳು. ಆಗಲಿಲ್ಲ. ಮಂಡಿಗಳೊಳಗೆ ತಣ್ಣನೆಯ ಕಬ್ಬಿಣ ಕೂತಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಿಮ್ಮಾವ ನನ್ನನ್ನ ಬಿಟ್ಟು ಹೊರಟಿದ್ರು ಕಣೇ. ಬೈಕು ನಿಂತರೆ ಸಾಕು ಅಂದಿದ್ದೆ. ಕಾಲು ಕೇಳಿರಲಿಲ್ಲ ನಾನು." ಮಾಟ ಮಾಡಿಕೊಟ್ಟವನು, ಬಿಚ್ಚಿದವರಿಗೆ ಅದು ಅಂಟುತ್ತದೆ ಎಂದಿದ್ದನಂತೆ. ಅದನ್ನು ಸೊಸೆಗೆ ಹೇಳಲು ನಾಚಿಕೆಯಾಯಿತಂತೆ.

"ಮತ್ತೆ ಒಳಗಿಟ್ಟರೆ?"

ಅತ್ತೆ ಮನೆಯ ಕಡೆ ನೋಡಿದರು.

ಮಾವ ನಗುತ್ತಲೋ ಅಳುತ್ತಲೋ ಅವಳನ್ನು ಕೂಗುತ್ತ ಅಂಗಳಕ್ಕೆ ಇಳಿದಿದ್ದರು. ಹೆಜ್ಜೆ ಹತ್ತಿರವಾಯಿತು. ತಣ್ಣಗಿನದು ಅವಳ ತೊಡೆಗೆ ಏರಿತು. ಯಾರೂ ಅವಳ ಕೈ ಹಿಡಿದು ಮಾಡಿಸಲಿಲ್ಲ. ಅವಳೇ ಗಂಟನ್ನು ತುರುಕಿದಳು. ಕೊಳವೆ ಕೂರಿಸಿದಳು. ಸುತ್ತಿಗೆ ಎತ್ತಿದಳು. ಒಂದೇಟು. ಇನ್ನೊಂದು. ಹೆಜ್ಜೆ ಇನ್ನೂ ಕೇಳುತ್ತಿತ್ತು. ಇನ್ನೊಂದು.

ಹೊರಗೆ ಧೊಪ್ಪೆಂದಿತು. ಅವಳ ಮಂಡಿ ಸಡಿಲವಾಯಿತು.

ಮಾವ ಅಂಗಳದಲ್ಲಿ ಬೋರಲಾಗಿ ಬಿದ್ದಿದ್ದರು. ಕಾಲುಗಳು ಸಲಾಕೆಯಂತೆ ಸೆಟೆದಿದ್ದವು, ಗದ್ದ ತರಚಿತ್ತು. ಅವಳು ಓಡಿಬಂದು, ಹೌದು, ಓಡಿಬಂದೇ, ತಲೆ ಎತ್ತಿ ಹಿಡಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಹನ್ನೊಂದು ಹೆಜ್ಜೆ ಹಾಕಿದೆ ಕಣಮ್ಮ," ಎಂದರು. "ನನ್ನ ಬೈಕು ಮುಟ್ಟಿದೆಯಲ್ಲ, ಎಲ್ಲ ನಿನ್ನ ಕೈಗುಣ." ಗ್ರೀಸು ಮೆತ್ತಿದ ಆ ಕೈಯನ್ನು ಅವರು ಎಷ್ಟು ಹೊತ್ತಾದರೂ ಬಿಡಲಿಲ್ಲ.