ಅತ್ಯಗತ್ಯ ಉದ್ಯೋಗಿ

"ಎದ್ದೇಳ್ರೀ! ಇದು ನನ್ನ ಸೀಟು!"

ಅವಳ ದನಿ ಇಡೀ ನಾಲ್ಕನೇ ಮಹಡಿಗೆ ಕೇಳಿಸಿತು. ಎರಡು ಬಸ್ಸು ಬದಲಾಯಿಸಿ, ಒಂದೂಮುಕ್ಕಾಲು ಗಂಟೆ ನಿಂತುಕೊಂಡೇ ಬಂದವಳು ಅವಳು. ಹಿಂದಿನ ದಿನವೇ ಆಫೀಸಿನ ಆ್ಯಪ್‌ನಲ್ಲಿ ನಲವತ್ತೇಳನೇ ಸೀಟು ಬುಕ್ ಮಾಡಿದ್ದಳು. ಬಂದು ನೋಡಿದರೆ ನೀಲಿ ಶರ್ಟಿನವನೊಬ್ಬ ಅಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಆರಾಮಾಗಿ ಕೂತಿದ್ದ.

ಅವನು ತಲೆ ಎತ್ತಿ ನೋಡಿದ.

"ಏನ್ ನೋಡ್ತಿದೀರಾ? ನೂರಿಪ್ಪತ್ತು ಜನಾನ ಬನ್ನಿ ಬನ್ನಿ ಅಂತ ಕರೀತಾರೆ, ಎಂಬತ್ತು ಕುರ್ಚಿ ಹಾಕ್ತಾರೆ. ಅದರಲ್ಲಿ ನಿಮ್ಮಂಥೋರು ಬೇರೆ!"

ಅವನು ಮೆಲ್ಲಗೆ ಎದ್ದು ಕುರ್ಚಿಯನ್ನು ಅವಳತ್ತ ತಿರುಗಿಸಿದ.

"ಕೂತ್ಕೊಳ್ಳಿ. ನಿಮಗೋಸ್ಕರಾನೇ ಹಿಡ್ಕೊಂಡಿದ್ದೆ. ಬೇರೆ ಯಾರಾದ್ರೂ ಬಂದು ಕೂತುಬಿಡ್ತಾರೆ ಅಂತ..."

ಆ ದನಿ!

ಅವಳ ಹೆಗಲಿನ ಬ್ಯಾಗು ಜಾರಿತು. ಎರಡು ವರ್ಷದಿಂದ ದಿನವೂ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ದನಿ ಅದು. ಅವಳ ಟೀಮ್ ಲೀಡ್! ಅವರ ಟೀಮಿನಲ್ಲಿ ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ದನಿಗೊಂದು ಮುಖ ಕಂಡದ್ದು ಇವತ್ತೇ.

'ಅಯ್ಯೋ ದೇವರೇ... ಮೊದಲನೇ ದಿನವೇ ಬಾಯಿಗೆ ಬಂದಂತೆ ಬೈದುಬಿಟ್ಟೆನಲ್ಲ!'

"ಸಾರಿ ಸರ್... ಗೊತ್ತಾಗ್ಲಿಲ್ಲ."

"ಬೈದಿದ್ದು ಸರಿಯಾಗೇ ಇತ್ತು ಬಿಡಿ," ಎಂದು ಅವನು ನಕ್ಕ.

ಆ ನಗು ನೋಡಿದ ಮೇಲೆ ಮಧ್ಯಾಹ್ನದವರೆಗೆ ಅವಳಿಗೆ ಒಂದು ಕ್ಲೇಮೂ ತಲೆಗೆ ಹೋಗಲಿಲ್ಲ.

ಅದು ವಿಮಾ ಕಂಪನಿ. ಊರವರೆಲ್ಲರ ಆಸ್ಪತ್ರೆ ಕಾಗದ ಓದಿ, ಕ್ಲೇಮು ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅವಳ ಮನೆಯಲ್ಲೂ ಅಂಥದ್ದೇ ಒಂದು ಕಾಗದದ ಕಟ್ಟಿತ್ತು. ಅಣ್ಣ ಎಲೆಕ್ಟ್ರಿಷಿಯನ್. ಏಣಿಯಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದ. ಅವರಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಹಿಡಿದು ನಡೆಸ್ಬೇಕು. ಒಂದು ದಿನಾನೂ ತಪ್ಪಿಸ್ಬೇಡಿ," ಎಂದಿದ್ದರು ಫಿಸಿಯೋ ಮೇಡಂ. ಮನೆಯಿಂದಲೇ ಕೆಲಸ ಮಾಡುತ್ತ ಒಂದೂವರೆ ವರ್ಷ ಅವಳು ತಪ್ಪಿಸಲಿಲ್ಲ. ಅಣ್ಣ ಹದಿನಾಲ್ಕು ಹೆಜ್ಜೆ ನಡೆಯುವ ಮಟ್ಟಿಗೆ ಬಂದಿದ್ದ.

ಆ ಹದಿನಾಲ್ಕು ಹೆಜ್ಜೆಗಳಲ್ಲಿ ಲೀಡ್‌ನ ಪಾಲೂ ಇತ್ತು. ಹನ್ನೊಂದು ಹೊಡೆದರೆ ಸಾಕು, ಎಂಥ ಮೀಟಿಂಗ್ ಇದ್ದರೂ ಅವನ ದನಿ ಕೇಳುತ್ತಿತ್ತು. "ನೀವು ಹೋಗಿ, ಅಣ್ಣನ್ನ ನೋಡಿ. ಇಲ್ಲಿ ನಾನಿದೀನಿ."

'ಇಲ್ಲಿ ನಾನಿದೀನಿ.' ಹುಡುಗಿಯೊಬ್ಬಳ ಮನಸ್ಸು ಕರಗಲು ಇನ್ನೇನು ಬೇಕು ಹೇಳಿ? ಮುಖ ನೋಡುವ ಮೊದಲೇ ಅವಳು ಅವನನ್ನು ಮೆಚ್ಚಿಕೊಂಡಿದ್ದಳು. ತನ್ನೊಳಗೆ ತಾನೂ ಒಪ್ಪಿಕೊಂಡಿರಲಿಲ್ಲ ಅಷ್ಟೇ.

ಹಾಗಿರುವಾಗ ಮೇಲಿನವರಿಂದ ಆರ್ಡರ್ ಬಂದಿತ್ತು. ವಾರಕ್ಕೆ ಐದು ದಿನ, ಎಲ್ಲರೂ ಆಫೀಸಿಗೆ ಬರಲೇಬೇಕು. ಒಟ್ಟಿಗಿದ್ದರೆ ಆತ್ಮೀಯತೆ ಬೆಳೆಯುತ್ತದಂತೆ!

ಆ ಆತ್ಮೀಯತೆಯ ಚಂದ ನೋಡಬೇಕಿತ್ತು. ಎಂಬತ್ತು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೂರು ಕುರ್ಚಿ ಆಚೆ ಕೂತವರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದರು. ಮಿಕ್ಕ ನಲವತ್ತು ಜನ ಕ್ಯಾಂಟೀನಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜಾಗ ಖಾಲಿಯಾಗುವುದನ್ನು ಕಾಯುತ್ತಿದ್ದರು.

ಮನೆಯಲ್ಲಿ ಆರೈಕೆ ಬೇಕಾದವರಿದ್ದರೆ ವಿನಾಯಿತಿ ಕೇಳಬಹುದು ಎಂದು ಆರ್ಡರಿನ ಕೊನೆಯಲ್ಲಿತ್ತು. ಅವಳು ಅರ್ಜಿ ಹಾಕಿದಳು. ಅದಕ್ಕೆ ಟೀಮ್ ಲೀಡ್ ಅಭಿಪ್ರಾಯ ಬರೆದು ಕಳಿಸಬೇಕು.

"ನಾನು ಬರೀತೀನಿ. ಎಚ್‌ಆರ್‌ನೋರು ಇಲ್ಲ ಅನ್ನೋಕೇ ಆಗ್ಬಾರ್ದು, ಹಾಗೆ ಬರೀತೀನಿ. ನೀವು ಚಿಂತೆ ಬಿಡಿ."

ಅವಳು ಚಿಂತೆ ಬಿಟ್ಟಳು. ನಂಬಿದವರು ಹೇಳಿದ ಮೇಲೆ ಮತ್ತೇನು?

ಮೂರು ವಾರ ಉತ್ತರ ಬರಲಿಲ್ಲ. ಪಕ್ಕದ ಮನೆ ಆಂಟಿ ಮಧ್ಯಾಹ್ನ ಬಂದು ಅಣ್ಣನಿಗೆ ಊಟ ಬಡಿಸಿ ಹೋಗುತ್ತಿದ್ದರು. ಹಿಡಿದು ನಡೆಸುವ ಶಕ್ತಿ ಅವರಿಗಿರಲಿಲ್ಲ. ಅಣ್ಣನ ಹೆಜ್ಜೆಗಳು ಹದಿನಾಲ್ಕರಿಂದ ಒಂಬತ್ತಕ್ಕಿಳಿದವು, ಆಮೇಲೆ ಆರಕ್ಕೆ. ರಾತ್ರಿ ಬಂದು ನಡೆಸೋಣವೆಂದರೆ ಅವಳ ಕೈಕಾಲೇ ಸೋತಿರುತ್ತಿದ್ದವು.

"ಪುಟ್ಟಿ, ನೀನು ಮಲ್ಕೋ. ನನ್ನ ಕಾಲು ಎಲ್ಲಿಗೂ ಓಡಿಹೋಗಲ್ಲ," ಎಂದು ಅಣ್ಣ ನಗಿಸಲು ನೋಡುತ್ತಿದ್ದ. ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಗುರುವಾರ ಎಲ್ಲರನ್ನೂ ದೊಡ್ಡ ಹಾಲಿನಲ್ಲಿ ಸೇರಿಸಿ, ಎಚ್‌ಆರ್ ಮೇಡಂ "ನಾವೆಲ್ಲ ಒಂದೇ ಕುಟುಂಬ" ಎಂದು ಭಾಷಣ ಮಾಡುತ್ತಿದ್ದರು. ಆಗ ಅವಳ ಫೋನು ನಡುಗಿತು. ಮೇಲ್ ಬಂದಿತ್ತು.

'ನಿಮ್ಮ ಟೀಮ್ ಲೀಡ್ ನೀಡಿರುವ ಅಭಿಪ್ರಾಯದಂತೆ ನೀವು ತಂಡಕ್ಕೆ ಅತ್ಯಗತ್ಯ ಉದ್ಯೋಗಿ. ಅತ್ಯಗತ್ಯ ಉದ್ಯೋಗಿಗಳು ಕಚೇರಿಯಲ್ಲಿರುವುದು ಕಡ್ಡಾಯ. ವಿನಾಯಿತಿ ನಿರಾಕರಿಸಲಾಗಿದೆ.'

ಅವಳು ಎರಡನೇ ಸಲ ಓದುವಷ್ಟರಲ್ಲಿ ಫೋನು ಮತ್ತೆ ನಡುಗಿತು. ಪಕ್ಕದ ಮನೆ ಆಂಟಿ.

"ಬೇಗ ಬಾಮ್ಮಾ... ಅಣ್ಣ ಒಬ್ಬನೇ ನಡೆಯೋಕೆ ಹೋಗಿ ಬಿದ್ದಿದ್ದಾನೆ. ಕಾಲು ಮಿಸುಕಾಡಿಸೋಕೂ ಆಗ್ತಿಲ್ಲ..."

ಅವಳು ಲಿಫ್ಟಿನತ್ತ ಓಡಿದಳು. ಲೀಡ್ ಹಿಂದೆಯೇ ಓಡಿ ಬಂದ.

"ಏನಾಯ್ತು? ಯಾಕೆ ಅಳ್ತಿದೀರಾ?"

ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. "ಅತ್ಯಗತ್ಯ ಅಂತ ಬರೆದೋರು ನೀವೇನಾ?"

ಓದುತ್ತ ಅವನ ಮುಖ ಬಿಳುಚಿಕೊಂಡಿತು. "ಹೌದು, ಆದ್ರೆ ನಾನು..."

"ಸಾಕು! ಎದುರುಗಡೆ ಒಂದು ಹುಡುಗಿ ಕೂತಿರ್ಲಿ, ನೋಡೋಕೆ ಚೆನ್ನಾಗಿರುತ್ತೆ ಅಂತ ತಾನೇ? ನನ್ನ ಅಣ್ಣ ನೆಲದ ಮೇಲೆ ಬಿದ್ದಿದ್ದಾನೆ. ಇನ್ಮೇಲೆ ನನ್ನ ಮುಖ ನೋಡ್ಬೇಡಿ!"

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಒಳಗೆ ರಾಡ್ ಹಾಕಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಎರಡು ಸಾಲಿನ ರಾಜೀನಾಮೆ ಕಳಿಸಿದಳು. ಅತ್ಯಗತ್ಯ ಉದ್ಯೋಗಿಯ ರಾಜೀನಾಮೆ ಹತ್ತೇ ನಿಮಿಷದಲ್ಲಿ ಮಂಜೂರಾಯಿತು. ಲೀಡ್‌ನ ಫೋನ್ ಕರೆಗಳು ಬಂದವು, ಮೆಸೇಜುಗಳು ಬಂದವು. ಅವಳು ಫೋನು ಎತ್ತಲಿಲ್ಲ, ಮೆಸೇಜು ತೆರೆಯಲಿಲ್ಲ.

ಆರು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವನು!

"ಕಂಪನಿ ಲ್ಯಾಪ್‌ಟಾಪ್ ವಾಪಸ್ ತಗೊಂಡು ಹೋಗ್ಬೇಕಿತ್ತು. ಕೊರಿಯರ್‌ನೋರು ಬರ್ತಿದ್ರು... ನಾನೇ ಹೋಗ್ತೀನಿ ಅಂದೆ."

ಅವಳು ಒಳಗಿನಿಂದ ಲ್ಯಾಪ್‌ಟಾಪ್ ತಂದು ಅವನ ಕೈಗೆ ಕುಕ್ಕಿದಳು.

"ಒಂದೇ ನಿಮಿಷ. ನಾನೇನು ಬರೆದಿದ್ದೆ ಅನ್ನೋದನ್ನ ಕೇಳಿ. ಆಮೇಲೆ ಬಾಗಿಲು ಹಾಕ್ಕೊಳ್ಳಿ."

"ಬೇಕಾಗಿಲ್ಲ."

"ಓದಪ್ಪಾ, ನಾನು ಕೇಳ್ತೀನಿ," ಎಂದು ಮಂಚದ ಮೇಲಿಂದ ಅಣ್ಣ ಕೂಗಿದ. "ನನಗೂ ಹೊತ್ತು ಹೋಗ್ತಿಲ್ಲ!"

ಅವನು ಹೊಸ್ತಿಲಲ್ಲೇ ನಿಂತು ಫೋನು ನೋಡಿಕೊಂಡು ಓದಿದ. "ಇವರಷ್ಟು ಎಚ್ಚರಿಕೆಯಿಂದ, ಇವರಷ್ಟು ಕರುಣೆಯಿಂದ ಕಾಗದ ಓದುವವರನ್ನು ನಾನು ಕಂಡಿಲ್ಲ. ಇವರು ಈ ತಂಡಕ್ಕೆ ಅತ್ಯಗತ್ಯ, ಇವರಿಲ್ಲದೆ ತಂಡ ನಡೆಯುವುದಿಲ್ಲ. ದಯವಿಟ್ಟು ಮನೆಯಿಂದಲೇ ಕೆಲಸ ಮಾಡಲು ಬಿಟ್ಟು ಇವರನ್ನು ಉಳಿಸಿಕೊಳ್ಳಿ."

ಅವಳು ಬಾಗಿಲು ಹಿಡಿದು ನಿಂತುಬಿಟ್ಟಳು.

"ಎಚ್‌ಆರ್‌ನೋರು ನಡುವಿನ ಆ 'ಅತ್ಯಗತ್ಯ' ಅನ್ನೋ ಸಾಲು ಮಾತ್ರ ಹಿಡ್ಕೊಂಡ್ರು. ಆದ್ರೆ ತಪ್ಪು ಪೂರ್ತಿ ಅವರದ್ದಲ್ಲ," ಎಂದ. "ಆಫೀಸಿಗೆ ಬನ್ನಿ ಅಂತ ಆರ್ಡರ್ ಬಂದಾಗ ಎಲ್ಲರ ಜೊತೆ ನಾನೂ ಬೈದೆ. ಒಳಗೊಳಗೆ ಮಾತ್ರ ಖುಷಿಯಾಗಿತ್ತು. ನಿಮ್ಮನ್ನ ನೋಡ್ಬಹುದು ಅಂತ... ಆ ಗುಂಗಿನಲ್ಲೇ ಬರೆದೆ. ಎರಡು ಪುಟ ಬರೆದಿದೀನಿ, ಅಣ್ಣನ ವಿಷಯ ಒಂದೇ ಸಾಲಿದೆ. ಮಿಕ್ಕಿದ್ದೆಲ್ಲ ನೀವೇ. ನಿಮಗೆ ಬರೀಬೇಕಾದ ಪತ್ರಾನ ಎಚ್‌ಆರ್‌ಗೆ ಬರೆದುಬಿಟ್ಟೆ."

ಅಣ್ಣ ಮಂಚದ ಮೇಲಿಂದ ನಿಟ್ಟುಸಿರು ಬಿಟ್ಟ. "ಯಾರ್ಯಾರದೋ ಪ್ರೇಮಪತ್ರಕ್ಕೆ ಕಾಲು ಮುರ್ಕೊಂಡೋನು ನಾನೊಬ್ಬನೇ ಇರಬೇಕು."

ಅವಳಿಗೆ ನಗು ಬರಲಿಲ್ಲ. ಬೆಂಕಿಯಂಥ ಸಿಟ್ಟು, ಅದರ ಅಡಿಯಲ್ಲೇ ಅಳು.

"ನನ್ನ ಅಣ್ಣ ಹದಿನಾಲ್ಕು ಹೆಜ್ಜೆ ನಡೀತಿದ್ದ, ಗೊತ್ತಾ? ಈಗ ಮೊದಲಿಂದ ಶುರು ಮಾಡ್ಬೇಕು. ಕ್ಷಮಿಸಿ ಅಂದ್ರೆ ಆಗೋಯ್ತಾ?"

"ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ. ನಿಜ ಹೇಳ್ಬೇಕಿತ್ತು, ಹೇಳ್ದೆ. ಬರ್ತೀನಿ."

ಅವನು ಮೆಟ್ಟಿಲಿಳಿಯತೊಡಗಿದ. ಅವಳು ಒಳಗೆ ಬಂದು ಅಣ್ಣನ ಕಂಕುಳಿಗೆ ಹೆಗಲು ಕೊಟ್ಟಳು. ಇವತ್ತಿನಿಂದ ಅವನನ್ನು ಎಬ್ಬಿಸಿ ನಿಲ್ಲಿಸಬಹುದು ಎಂದಿದ್ದರು ಡಾಕ್ಟರು. ಎತ್ತಿದಳು. ಅಣ್ಣ ಅರ್ಧ ಎದ್ದು, "ಅಮ್ಮಾ!" ಎಂದು ಮತ್ತೆ ಕುಸಿದ. ಇನ್ನೊಮ್ಮೆ ಎತ್ತಿದಳು. ಆಗಲಿಲ್ಲ.

'ಒಬ್ಬಳ ಕೈಯಲ್ಲಿ ಆಗೋದಿಲ್ಲ... ಇನ್ನು ಎಷ್ಟು ದಿನ ಒಬ್ಬಳೇ?'

ಅವಳು ಹೊರಗೆ ಓಡಿದಳು.

"ರೀ... ಲ್ಯಾಪ್‌ಟಾಪ್ ಕೆಳಗಿಟ್ಟು ಒಳಗೆ ಬನ್ನಿ! ಎಡಗಡೆ ನೀವು ಹಿಡ್ಕೊಳ್ಳಿ."

ಇಬ್ಬರೂ ಸೇರಿ ಎತ್ತಿದರು. ಅಣ್ಣ ನಡುಗುತ್ತ, ಹಲ್ಲು ಕಚ್ಚಿ ನಿಂತ. ಅಣ್ಣನ ಬೆನ್ನ ಹಿಂದೆ ಅವಳ ಕೈ, ಲೀಡ್‌ನ ಕೈ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ಬಿಟ್ಟರೆ ಅಣ್ಣ ಬೀಳುತ್ತಾನೆ. ಅವಳಿಗೆ ಬಿಡುವ ಮನಸ್ಸೂ ಇರಲಿಲ್ಲ.

"ನಿಂತ್ಕೊಂಡು ಇಪ್ಪತ್ತು ಎಣಿಸಿದ್ದಾಯ್ತು," ಎಂದ ಅಣ್ಣ ಏದುಸಿರು ಬಿಡುತ್ತ. "ಇನ್ನು ಕೂರಿಸ್ತೀರೋ, ನನ್ನ ಬೆನ್ನ ಹಿಂದೆಯೇ ಸಂಸಾರ ಮಾಡ್ತೀರೋ?"

ಹೊರಡುವಾಗ ಅವನು ಬಾಗಿಲಲ್ಲಿ ನಿಂತ.

"ಸಿಟ್ಟು ಹೋಯ್ತಾ?"

"ಇಲ್ಲ. ಅಣ್ಣ ಮತ್ತೆ ನಡೆಯೋವರೆಗೂ ಹೋಗಲ್ಲ."

"ಅಲ್ಲೀವರೆಗೆ ದಿನಾ ಬೆಳಿಗ್ಗೆ ಬರ್ಲಾ? ಆಫೀಸಿಗೆ ಹೋಗೋ ಮುಂಚೆ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏಳು ಗಂಟೆಗೆ ಬನ್ನಿ, ತಪ್ಪಿಸ್ಬೇಡಿ. ನನಗೆ ನೀವಂದ್ರೆ ಇಷ್ಟ ಕಣ್ರೀ... ಅದಕ್ಕೇ ಇಷ್ಟೊಂದು ಸಿಟ್ಟು."